ಅಕ್ಕ ಹಾಕಿದ ಎರಡು ಅಲ್ಪವಿರಾಮ

ಫೆಬ್ರವರಿ 9

ಅಕ್ಕಾ,

ನಾನು ಆರೋಗ್ಯವಾಗಿದ್ದೇನೆ, ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಆರೋಗ್ಯ ಕೆಟ್ಟಿರುವುದು ನನ್ನ ಇಂಗ್ಲಿಷಿನದು ಮಾತ್ರ. ಅದಕ್ಕೇ ಈ ಪತ್ರ.

ಹೋದ ತಿಂಗಳು ನನ್ನನ್ನು ಫೋರ್‌ಮನ್ ಮಾಡಿದರು ಎಂದು ಫೋನಿನಲ್ಲಿ ಹೇಳಿದ್ದೆನಲ್ಲ. ಇಪ್ಪತ್ತಾರು ವರ್ಷ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟು ಎಳೆದವನಿಗೆ ಈಗ ಒಂದು ಮೇಜು, ಒಂದು ಕುರ್ಚಿ, ಮೇಜಿನ ಮೇಲೆ ಒಂದು ರಿಪೋರ್ಟ್ ಪುಸ್ತಕ. ಕುರ್ಚಿಯಲ್ಲಿ ಕೂರುವುದು ಒಂದೇ ದಿನಕ್ಕೆ ಬಂದುಬಿಟ್ಟಿತು. ರಿಪೋರ್ಟ್ ಬರೆಯುವುದು ಬರಲಿಲ್ಲ. ಹೊಸ ಮ್ಯಾನೇಜರಿಗೆ ಪ್ರತಿ ಶನಿವಾರ ಇಂಗ್ಲಿಷಿನಲ್ಲೇ ಬೇಕು. ಎಷ್ಟು ಹಾಸಿಗೆ ಬಟ್ಟೆ ಬಂತು, ಯಾವ ಡ್ರಮ್ಮು ಕೆಟ್ಟಿತು, ಯಾರು ರಜೆ, ಎಲ್ಲವನ್ನೂ ಬರೆದುಕೊಟ್ಟೆ. ಓದಿ ನನ್ನ ಮುಖ ನೋಡಿದರು. "ಇದನ್ನ ಎಲ್ಲಿ ನಿಲ್ಲಿಸಿ ಉಸಿರು ತಗೋಬೇಕು?" ಅಂದರು. ಆಮೇಲೆ ನಾನೂ ಓದಿ ನೋಡಿದೆ. ಒಂದೂವರೆ ಪುಟ, ಒಂದೇ ವಾಕ್ಯ.

ಮೆಲ್ಲಣ್ಣನ ವಿಷಯ ನಿನಗೆ ಎಷ್ಟೋ ಸಲ ಹೇಳಿದ್ದೇನೆ. ನಾನು ಇಪ್ಪತ್ತರ ಹುಡುಗನಾಗಿ ಸೇರಿದಾಗ ಕೈ ಹಿಡಿದು ಕೆಲಸ ಕಲಿಸಿದವರು, ಈಗಲೂ ಹೆಲ್ಪರ್ ಆಗಿಯೇ ಇದ್ದಾರೆ, ಯಾರನ್ನು ಕಂಡರೂ "ಮೆಲ್ಲಗೆ, ಮೆಲ್ಲಗೆ" ಅನ್ನುವವರು. ಅವರೇ ನಿನ್ನ ನೆನಪು ಮಾಡಿಕೊಟ್ಟರು. "ನಿಮ್ಮಕ್ಕ ಇಂಗ್ಲಿಷ್ ಪುಸ್ತಕಾನೇ ತಿದ್ತಾರಂತೆ, ನಿನ್ನೊಬ್ಬನನ್ನ ತಿದ್ದೋಕೆ ಆಗಲ್ವಾ?"

ಜೊತೆಗೆ ರಿಪೋರ್ಟಿನ ನಕಲು ಇಟ್ಟಿದ್ದೇನೆ. ನಗಬೇಡ. ನಕ್ಕರೂ ಬರೆಯಬೇಡ.

ನಿನ್ನ
ಗುಬ್ಬಿ

*

ಫೆಬ್ರವರಿ 16

ಪ್ರೀತಿಯ ಗುಬ್ಬಿಗೆ,

ನಕ್ಕೆ. ಬರೆಯುತ್ತಲೂ ಇದ್ದೇನೆ. ಊಟದ ಹೊತ್ತಿನಲ್ಲಿ ಓದಿದ್ದು ತಪ್ಪಾಯಿತು, ನೆತ್ತಿಗೆ ಹತ್ತಿ ಪಕ್ಕದವರು ಬೆನ್ನು ತಟ್ಟಬೇಕಾಯಿತು. ನಾನು ನಕ್ಕಿದ್ದು ಈ ವಾಕ್ಯಕ್ಕೆ:

We washed the manager the cook and the watchmans coats

ಇದನ್ನು ಹೀಗೇ ಓದಿದರೆ ಏನಾಗುತ್ತದೆ ಗೊತ್ತಾ? ನೀವು ಮೊದಲು ಮ್ಯಾನೇಜರನ್ನು ಡ್ರಮ್ಮಿಗೆ ಹಾಕಿ ಒಗೆದಿರಿ, ಆಮೇಲೆ ಅಡುಗೆಯವನನ್ನು ಒಗೆದಿರಿ, ಕೊನೆಗೆ ಕಾವಲುಗಾರನ ಕೋಟುಗಳನ್ನು ಒಗೆದಿರಿ. ಹೊಸ ಮ್ಯಾನೇಜರ್ ನಿನ್ನ ಮುಖ ನೋಡಿದ್ದರಲ್ಲಿ ತಪ್ಪೇನೂ ಇಲ್ಲ. ಹೀಗಿರಬೇಕು:

We washed the manager's, the cook's and the watchman's coats.

ಅಕ್ಷರದ ಮೇಲೆ ತೇಲುವ ಆ ಕೊಕ್ಕೆಗೆ ಅಪಾಸ್ಟ್ರಫಿ ಅನ್ನುತ್ತಾರೆ. ಯಾರ ವಸ್ತು ಎಂದು ತಿಳಿಸುವುದು ಅದರ ಕೆಲಸ. ಬಟ್ಟೆ ಅದಲುಬದಲಾಗದಿರಲಿ ಎಂದು ನೀವು ಮೂಲೆಯಲ್ಲಿ ಗುರುತು ಹಾಕುತ್ತೀರಲ್ಲ, ಹಾಗೆ. ಬಟ್ಟೆ ಒಂದಕ್ಕಿಂತ ಹೆಚ್ಚಾಯಿತು ಎಂದ ಮಾತ್ರಕ್ಕೆ ಅದು ಬೇಡ. ನೀನು sheet's ಎಂದು ಒಂಬತ್ತು ಕಡೆ ಬರೆದಿದ್ದೀಯ. ಒಂಬತ್ತನ್ನೂ ಹೊಡೆದುಹಾಕಿದ್ದೇನೆ.

ಪೂರ್ಣವಿರಾಮ ಎಂದರೆ ಹೊರೆ ಕೆಳಗಿಡುವುದು. ಅಲ್ಪವಿರಾಮ ಎಂದರೆ ಹೊರೆ ಇಳಿಸದೆ ಭುಜ ಬದಲಾಯಿಸುವುದು. ಸದ್ಯಕ್ಕೆ ಇಷ್ಟು ಸಾಕು. ಚುಕ್ಕಿಯ ಕೆಳಗೆ ಬಾಲ ಇರುವ ಇನ್ನೊಂದಿದೆ, ಸೆಮಿಕೋಲನ್ ಎಂದು, ಅದರ ತಂಟೆಗೆ ಹೋಗಬೇಡ. ನಮ್ಮ ಪ್ರೆಸ್ಸಿಗೆ ಬರುವ ವಕೀಲರಿಗೇ ಅದು ಬಗ್ಗುವುದಿಲ್ಲ.

ಒಟ್ಟು ನಲವತ್ತೊಂದು ಕೆಂಪು ಗುರುತು ಆಗಿದೆ. ಬೇಜಾರು ಮಾಡಿಕೊಳ್ಳಬೇಡ. ಇದನ್ನೆಲ್ಲ ಫೋನಿನಲ್ಲೇ ಕೇಳಿಬಿಡಿ ಎಂದು ನಿನ್ನ ಹೆಂಡತಿ ನಿನಗೆ ಅಂದಳಂತೆ. ಫೋನಿನಲ್ಲಿ ಅಲ್ಪವಿರಾಮ ಕಾಣಿಸುವುದಿಲ್ಲ ಎಂದು ಅವಳಿಗೆ ಹೇಳು. ಪ್ರತಿ ವಾರದ್ದೂ ಕಳಿಸು. ಇಲ್ಲಿ ನನ್ನ ಮೇಜಿನ ಮೇಲೆ ಕಾನೂನು ಪುಸ್ತಕದ ಪ್ರೂಫು ಗುಡ್ಡೆ ಬಿದ್ದಿದೆ. ಕಿಟಕಿ ಪಕ್ಕದ ಜಾಗ, ಬೆಳಕಿಗೇನೂ ಕೊರತೆಯಿಲ್ಲ. ಆದರೂ ನಿನ್ನದನ್ನು ಮೊದಲು ನೋಡುತ್ತೇನೆ.

ಅಕ್ಕ

*

ಮಾರ್ಚ್ 8

ಅಕ್ಕಾ,

ನಿನ್ನೆ ಮ್ಯಾನೇಜರ್ ನನ್ನ ರಿಪೋರ್ಟನ್ನು ಮೊದಲಿನಿಂದ ಕೊನೆಯ ತನಕ ಒಂದೇ ಸಲಕ್ಕೆ ಓದಿದರು. "ಪರವಾಗಿಲ್ಲ ರೀ, ಮನುಷ್ಯರು ಬರೆದ ಹಾಗಿದೆ" ಅಂದರು. ಅವರ ಬಾಯಲ್ಲಿ ಇದು ಹೊಗಳಿಕೆಯಂತೆ, ಗುಮಾಸ್ತ ಹೇಳಿದ.

ಷೆಡ್ಡಿನಲ್ಲಿ ನನಗೆ ಹೊಸ ಹೆಸರು ಬಂದಿದೆ, ಕಾಮಾ ಫೋರ್‌ಮನ್. ಇಸ್ತ್ರಿ ಯಂತ್ರದ ಮುಂದೆ ನಿಲ್ಲುವ ಇಸ್ತ್ರಿಯಮ್ಮ ಇದ್ದಾರಲ್ಲ, ಇಟ್ಟಿದ್ದು ಅವರೇ. ನಾನು ಏನಾದರೂ ಹೇಳಿ ನಡುವೆ ನಿಲ್ಲಿಸಿದರೆ ಸಾಕು, "ತಡೀರಿ, ಸಾಹೇಬ್ರು ಕಾಮಾ ಹಾಕ್ತಿದಾರೆ" ಅನ್ನುತ್ತಾರೆ. ಎಲ್ಲರೂ ನಗುತ್ತಾರೆ, ಮೆಲ್ಲಣ್ಣ ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ನನಗೂ ಒಳಗೊಳಗೇ ಖುಷಿ. ಕ್ಯಾಂಟೀನಿನಲ್ಲಿ ನಿನ್ನ ಕೆಂಪು ಗುರುತಿನ ಹಾಳೆ ತೋರಿಸಿ, ನಮ್ಮಕ್ಕ ಕಾನೂನು ಪುಸ್ತಕಗಳನ್ನೇ ತಿದ್ದುವವಳು, ಅವಳ ಕಣ್ಣು ತಪ್ಪಿಸಿ ಒಂದು ಚುಕ್ಕಿಯೂ ಹೋಗುವುದಿಲ್ಲ ಎಂದು ಹೇಳಿಕೊಂಡೆ.

ಈ ವಾರದ್ದು ಜೊತೆಗಿದೆ. ಹೋದ ವಾರ ಹನ್ನೆರಡು ಗುರುತು ಇತ್ತು. ಈ ಸಲ ಹತ್ತರೊಳಗೆ ಬರಬೇಕು.

ಗುಬ್ಬಿ

*

ಮಾರ್ಚ್ 14

ಪ್ರೀತಿಯ ಗುಬ್ಬಿಗೆ,

ಏಳು. ಅದರಲ್ಲೂ ಎರಡು ನಾನು ಬೇಕೆಂದೇ ಹುಡುಕಿ ತೆಗೆದಿದ್ದು.

ಹೀಗೇ ಆದರೆ ಸ್ವಲ್ಪ ದಿನದಲ್ಲಿ ನಿನಗೆ ನನ್ನ ಅಗತ್ಯವೇ ಇರುವುದಿಲ್ಲ. ಅಷ್ಟು ಬೇಗ ಕಲಿಯಬೇಡ.

ಅಕ್ಕ

*

ಏಪ್ರಿಲ್ 2

ಅಕ್ಕಾ,

ಕೆಲಸ ಜಾಸ್ತಿಯಿದೆ, ಹೆಚ್ಚು ಬರೆಯಲು ಆಗುತ್ತಿಲ್ಲ. ಆವಿ ಪೈಪಿನ ಹತ್ತಿರ ಸಣ್ಣದೊಂದು ತೊಂದರೆ ಆಯಿತು. ಅದರ ರಿಪೋರ್ಟ್ ಕೊಡಬೇಕು. ಐದು ವಾಕ್ಯ ಕಳಿಸಿದ್ದೇನೆ, ಚಿಹ್ನೆ ಎಲ್ಲಿ ಬೇಕೋ ಅಲ್ಲಿ ಹಾಕು. ಹತ್ತನೇ ತಾರೀಕಿನೊಳಗೆ ನನ್ನ ಕೈ ಸೇರಬೇಕು.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ.

ನಿನ್ನ ತಮ್ಮ

*

ಏಪ್ರಿಲ್ 5

ಪ್ರೀತಿಯ ಗುಬ್ಬಿಗೆ,

ಪತ್ರ ಇಂದು ಬೆಳಿಗ್ಗೆ ಬಂತು, ಮಧ್ಯಾಹ್ನವೇ ಅಂಚೆಗೆ ಹಾಕುತ್ತಿದ್ದೇನೆ. ಯಾರಿಗೂ ಏನೂ ಆಗಿಲ್ಲ ತಾನೇ? ಆಗಿದ್ದರೆ ನೀನೇ ಬರೆಯುತ್ತಿದ್ದೆ ಬಿಡು.

ನಾಲ್ಕು ವಾಕ್ಯಕ್ಕೆ ಕೊನೆಯ ಚುಕ್ಕಿ ಬಿಟ್ಟರೆ ಏನೂ ಬೇಕಾಗಲಿಲ್ಲ. ಐದನೆಯದರಲ್ಲಿ ಎಡವಿದ್ದೀಯ. ಎಡವಿದ್ದು ಒಳ್ಳೆಯದೇ ಆಯಿತು, ಇದನ್ನು ಹೇಳಿಕೊಡಲು ನಾನು ಕಾದಿದ್ದೆ. ನೀನು ಬರೆದದ್ದು ಇದು:

the helper said the foreman left the valve open

ಇದನ್ನು ಹೀಗೇ ಬಿಟ್ಟರೆ ಅರ್ಥ ಏನು? ವಾಲ್ವ್ ತೆರೆದಿಟ್ಟು ಹೋದವನು ಫೋರ್‌ಮನ್, ಹಾಗೆಂದು ಹೆಲ್ಪರ್ ಹೇಳಿದ. ಈಗ ನಾನು ತಿದ್ದಿದ್ದು ನೋಡು:

The helper, said the foreman, left the valve open.

ಒಂದು ಅಕ್ಷರವನ್ನೂ ಬದಲಾಯಿಸಿಲ್ಲ. ಎರಡು ಅಲ್ಪವಿರಾಮ ಮಾತ್ರ. ಈಗ ವಾಲ್ವ್ ತೆರೆದಿಟ್ಟವನು ಹೆಲ್ಪರ್, ಹಾಗೆಂದು ಹೇಳಿದವನು ಫೋರ್‌ಮನ್. ಈ ಎರಡೂ ಯಾವಾಗಲೂ ಜೋಡಿಯಾಗಿಯೇ ಇರಬೇಕು. ನಡುವಿನ ಮಾತನ್ನು ಎರಡು ಕಡೆಯಿಂದ ಹಿಡಿದುಕೊಳ್ಳುತ್ತವೆ, ಇಬ್ಬರು ಸೇರಿ ಬೆಡ್‌ಶೀಟು ಮಡಚುವಾಗ ತುದಿ ಹಿಡಿಯುವ ಹಾಗೆ. ಒಬ್ಬರು ಕೈಬಿಟ್ಟರೆ ಎಲ್ಲ ನೆಲಕ್ಕೆ.

ಫೋರ್‌ಮನ್ ಬರೆಯುವ ರಿಪೋರ್ಟಿನಲ್ಲಿ ಹೇಳುವವನು ಫೋರ್‌ಮನ್ನೇ ತಾನೇ? ನೀನು ಹಾಗೇ ಕೊಟ್ಟುಬಿಟ್ಟಿದ್ದರೆ ತಪ್ಪೆಲ್ಲ ನಿನ್ನ ತಲೆಗೇ ಬರುತ್ತಿತ್ತು. ಅಕ್ಕನಿಗೆ ಒಂದು ಥ್ಯಾಂಕ್ಸ್ ಹೇಳು.

ಅಕ್ಕ

*

ಮೇ 4

ಪ್ರೀತಿಯ ಗುಬ್ಬಿಗೆ,

ನಾಲ್ಕು ಶನಿವಾರ ಕಳೆದವು, ನಿನ್ನ ಹಾಳೆ ಬರಲಿಲ್ಲ. ಎಡವಿದ್ದೀಯ ಎಂದು ಬರೆದದ್ದಕ್ಕೆ ಮುನಿಸೋ? ನೀನು ಮುನಿಸಿಕೊಂಡರೆ ಮಾತಾಡುವುದಿಲ್ಲ, ಊಟ ಮಾತ್ರ ಬಿಡುವುದಿಲ್ಲ. ಚಿಕ್ಕಂದಿನಿಂದಲೂ ಅಷ್ಟೇ. ಫೋನ್ ಮಾಡಿದರೆ ನಿನ್ನ ಹೆಂಡತಿ "ಷೆಡ್ಡಿನಲ್ಲಿದ್ದಾರೆ" ಅನ್ನುತ್ತಾಳೆ. ಭಾನುವಾರವೂ ಷೆಡ್ಡಿನಲ್ಲೇ ಇರುತ್ತೀಯ?

ಅಥವಾ ಎಲ್ಲ ಕಲಿತುಬಿಟ್ಟೆಯೇನೋ. ಹಾಗಿದ್ದರೆ ಸಂತೋಷ. ಆದರೂ ಹನ್ನೆರಡು ವಾಕ್ಯ ಬರೆದು ಕಳಿಸುತ್ತಿದ್ದೇನೆ, ಎಲ್ಲವೂ ಸ್ವಲ್ಪ ತಂಟೆಯ ವಾಕ್ಯಗಳು. ಬಿಡುವಾದಾಗ ಚಿಹ್ನೆ ಹಾಕು. ಅವಸರವೇನಿಲ್ಲ.

ಅಕ್ಕ

*

ಮೇ 19

ಗುಬ್ಬೀ,

ನಿನ್ನೆ ನಿನ್ನ ಹೆಂಡತಿಯೇ ಫೋನ್ ಮಾಡಿದ್ದಳು. ಏನೂ ಹೇಳಲಿಲ್ಲ. "ಅತ್ತಿಗೆ, ಅವರಿಗೆ ಇನ್ನೊಂದು ಪತ್ರ ಬರೀರಿ" ಅಂದಳು, ಅಷ್ಟೇ. ಬರೆಯುತ್ತಿದ್ದೇನೆ.

ಹನ್ನೆರಡು ವಾಕ್ಯ ಬೇಡ. ಒಂದೇ ಸಾಕು. ಚಿಹ್ನೆ ಇಲ್ಲದಿದ್ದರೂ ಪರವಾಗಿಲ್ಲ, ನಾನು ಓದಿಕೊಳ್ಳುತ್ತೇನೆ.

ಅಕ್ಕ

*

ಮೇ 26

ಅಕ್ಕಾ,

ಬರೆಯುತ್ತೇನೆ. ಮೂರು ಸಲ ಬರೆದು ಹರಿದಿದ್ದೇನೆ, ಇದನ್ನು ಹರಿಯುವುದಿಲ್ಲ.

ಮಾರ್ಚ್ ಇಪ್ಪತ್ತೆಂಟು, ಬೆಳಿಗ್ಗೆ ಹನ್ನೊಂದರ ಹೊತ್ತು. ನಾಲ್ಕನೇ ಡ್ರಮ್ಮಿಗೆ ಆವಿ ಸರಿಯಾಗಿ ಹೋಗುತ್ತಿಲ್ಲ ಎಂದು ನೋಡಲು ಹೋದೆ. ಆ ಡ್ರಮ್ಮು ನೋಡಿಕೊಳ್ಳುವ ಮೆಲ್ಲಣ್ಣ, ನಾನು ವಾಲ್ವಿಗೆ ಕೈ ಹಾಕುವುದನ್ನು ನೋಡಿ, ಕೈಗವಸು ತರಲು ಸ್ಟೋರಿಗೆ ಹೋದರು. ನಾನೇ ವಾಲ್ವ್ ತೆರೆದೆ. ಅಷ್ಟರಲ್ಲಿ ಗುಮಾಸ್ತ ಬಂದು "ಮ್ಯಾನೇಜರ್ ಕರೀತಿದಾರೆ" ಅಂದ. ಹೋದೆ. ವಾಲ್ವ್ ತಿರುಗಿಸಿದರೆ ಮುಚ್ಚುವ ತನಕ ಅದರ ಮೇಲಿಂದ ಕೈ ತೆಗೆಯಬಾರದು, ಇದು ಮೆಲ್ಲಣ್ಣ ನನಗೆ ಮೊದಲ ವಾರದಲ್ಲೇ ಹೇಳಿಕೊಟ್ಟ ಪಾಠ. ಮರೆತು ಹೋದೆ. ಇಸ್ತ್ರಿ ಯಂತ್ರಕ್ಕೆ ಬಟ್ಟೆ ಸಾಲದೆ ಇಸ್ತ್ರಿಯಮ್ಮ ತಾವೇ ಬಂದು ಡ್ರಮ್ಮಿನ ಬಾಗಿಲು ತೆಗೆದರು. ಒಳಗೆ ತುಂಬಿದ್ದ ಆವಿ ಅವರ ಎಡಗೈಗೆ ಹೊಡೆಯಿತು. ಮೊಣಕೈಯಿಂದ ಮಣಿಕಟ್ಟಿನ ತನಕ ಬೆಂದಿದೆ.

ಸಣ್ಣ ತೊಂದರೆ ಎಂದು ನಿನಗೆ ಬರೆದದ್ದು ಇದನ್ನೇ.

ಎಲ್ಲರನ್ನೂ ಕೂರಿಸಿ ಮ್ಯಾನೇಜರ್ ವಿಚಾರಣೆ ಮಾಡಿದರು. ಮೆಲ್ಲಣ್ಣ ನನ್ನ ಎದುರಿಗೇ, ಮೆಲ್ಲಗೇ ಹೇಳಿದರು. "ಫೋರ್‌ಮನ್ನೇ ತೆರೆದಿಟ್ಟು ಹೋಗಿದ್ರು." ನಾನು ತಲೆ ಎತ್ತಲಿಲ್ಲ. ಮ್ಯಾನೇಜರ್ ಅದನ್ನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ, ಫೋನಿನಲ್ಲಿದ್ದರು. "ಎಲ್ಲಾ ಬರೆದುಕೊಡಿ, ಓದ್ತೀನಿ" ಎಂದು ನನಗೇ ಹೇಳಿ ಎದ್ದರು. ಮೆಲ್ಲಣ್ಣ ಹೇಳಿದ ಹಾಗೇ ಬರೆದೆ. ಅಲ್ಲಿಯ ತನಕ ನಾನು ಸರಿಯಾಗಿಯೇ ಇದ್ದೆ ಅಕ್ಕಾ. ಆಮೇಲೆ ಅದನ್ನು ನಿನಗೆ ಕಳಿಸಿದೆ, ಯಾರು ಏನು ಎಂದು ಹೇಳದೆ. ನೀನು ಏನಾದರೂ ಹಾಕುತ್ತೀಯ ಎಂದು ಗೊತ್ತಿತ್ತೋ, ಹಾಕಲಿ ಎಂದು ಆಸೆಯಿತ್ತೋ, ಈಗ ನನಗೇ ತಿಳಿಯುತ್ತಿಲ್ಲ. ನಿನ್ನ ಪತ್ರ ಬಂತು. ಒಂದು ಅಕ್ಷರವನ್ನೂ ಬದಲಾಯಿಸಿಲ್ಲ ಎಂದು ನೀನೇ ಬರೆದಿದ್ದೆ. ಆ ಮಾತನ್ನು ಹಿಡಿದುಕೊಂಡೆ. ಅಕ್ಕನಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಎಂದು ಮನಸ್ಸಿಗೆ ಹೇಳಿಕೊಂಡು ಹಾಗೇ ನಕಲು ಮಾಡಿದೆ.

ಮೆಲ್ಲಣ್ಣನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ರಿಪೋರ್ಟಿಗೆ ಸಹಿ ಹಾಕುವ ಮುಂಚೆ ಕೇಳಿದರು. "ನಾನು ಹೇಳಿದ್ದೇ ಬರೆದಿದ್ದೀಯ ತಾನೇ?"

"ನೀವು ಹೇಳಿದ ಮಾತೇ ಇದೆ" ಅಂದೆ.

ಅವರನ್ನು ಮನೆಗೆ ಕಳಿಸಿ ಆರು ವಾರ ದಾಟಿತು. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಹೋಗುವ ದಿನ ಗೇಟಿನ ಹತ್ತಿರ ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು, "ನೀನು ಸರಿಯಾಗೇ ಬರೆದಿರ್ತೀಯ. ಮೇಲಿನೋರೇ ತಿರುಚಿದಾರೆ. ನೀನು ಮನಸ್ಸಿಗೆ ಹಚ್ಕೋಬೇಡ."

ದಿನಾ ಮ್ಯಾನೇಜರ್ ಕೋಣೆಯ ಬಾಗಿಲ ತನಕ ಹೋಗಿ ತಿರುಗಿ ಬರುತ್ತೇನೆ. ಷೆಡ್ಡಿನಲ್ಲಿ ಈಗ ಯಾರೂ ಕಾಮಾ ಫೋರ್‌ಮನ್ ಎಂದು ಕರೆಯುವುದಿಲ್ಲ. ಯಾಕೆ ಎಂದು ಅವರಿಗೆ ಗೊತ್ತಿಲ್ಲ, ನನ್ನ ಮುಖ ನೋಡಿ ಬಿಟ್ಟಿದ್ದಾರೆ.

ನಿನ್ನದೇನೂ ತಪ್ಪಿಲ್ಲ. ಇದನ್ನು ಹೇಳಲೇಬೇಕಿತ್ತು.

ತಮ್ಮ

*

ಜೂನ್ 1

ತಮ್ಮಾ,

ನನ್ನದೇನೂ ತಪ್ಪಿಲ್ಲ ಎಂದು ನೀನು ತೀರ್ಪು ಕೊಡಬೇಡ. ನನ್ನದನ್ನು ನಾನು ಹೇಳುತ್ತೇನೆ, ಕೇಳು.

ಹೋದ ನವೆಂಬರಿನಿಂದ ನಾನು ಪ್ರೂಫ್ ರೀಡರ್ ಅಲ್ಲ. ಪ್ರೆಸ್ಸಿನಲ್ಲಿ ಈಗ ತಪ್ಪು ಹುಡುಕುವುದು ಕಂಪ್ಯೂಟರು. ಮೂವರಿದ್ದೆವು, ಇಬ್ಬರನ್ನು ಕಳಿಸಿದರು, ನನ್ನನ್ನು ಹಳಬಳೆಂದು ಉಳಿಸಿಕೊಂಡು ಪಾರ್ಸೆಲ್ ವಿಭಾಗಕ್ಕೆ ಹಾಕಿದರು. ಪುಸ್ತಕದ ಕಟ್ಟುಗಳಿಗೆ ವಿಳಾಸದ ಚೀಟಿ ಅಂಟಿಸುತ್ತೇನೆ. ಕಿಟಕಿ ಪಕ್ಕದ ನನ್ನ ಜಾಗದಲ್ಲಿ ಝೆರಾಕ್ಸ್ ಯಂತ್ರ ಇಟ್ಟಿದ್ದಾರೆ. ಫೆಬ್ರವರಿಯಲ್ಲಿ ನಿನಗೆ ಬರೆದ ಪ್ರೂಫಿನ ಗುಡ್ಡೆ ಸುಳ್ಳು. ಆಗ ನನ್ನ ಕೈಗೆ ಬರುತ್ತಿದ್ದ ಪ್ರೂಫ್ ಎಂದರೆ ನಿನ್ನ ಶನಿವಾರದ ಹಾಳೆ ಒಂದೇ. ಅದು ಬಂದ ದಿನ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಕೆಂಪು ಪೆನ್ನು ತೆಗೆಯುತ್ತಿದ್ದೆ.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಚಿಹ್ನೆ ಹಾಕಿದರೆ ಅರ್ಥ ಬದಲಾಗುತ್ತದೆ ಎಂದು ಕಂಡರೆ ಹಾಕಬಾರದು. ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಬರೆದು, ಬರೆದವರನ್ನು ಕೇಳಬೇಕು. ಮೂವತ್ತೊಂದು ವರ್ಷ ಕೇಳಿದ್ದೇನೆ. ದೊಡ್ಡ ದೊಡ್ಡ ವಕೀಲರನ್ನು ನಿಲ್ಲಿಸಿ ಕೇಳಿದ್ದೇನೆ. ನಿನ್ನನ್ನು ಕೇಳಲಿಲ್ಲ. ಎರಡು ಅರ್ಥವೂ ನನಗೆ ಕಂಡಿತ್ತು, ಎರಡನ್ನೂ ನಿನಗೆ ವಿವರಿಸಿ ಬರೆದೆ, ಯಾವುದು ನಿಜ ಎಂದು ಮಾತ್ರ ಕೇಳಲಿಲ್ಲ. ಪಾಠ ಹೇಳುವ ಸಂಭ್ರಮದಲ್ಲಿದ್ದೆ. ತಪ್ಪು ನಿನ್ನ ತಲೆಯಿಂದ ಇಳಿಯುತ್ತದೆ ಎಂದಾಗ ಅದು ಇನ್ನು ಯಾರ ತಲೆ ಮೇಲೆ ಕೂರುತ್ತದೆ ಎಂದು ಯೋಚಿಸಲೂ ಇಲ್ಲ.

ಇದು ನನ್ನ ತಪ್ಪು. ಗೊತ್ತಿದ್ದೂ ನಕಲು ಮಾಡಿದ್ದು, ಮೆಲ್ಲಣ್ಣ ಕೇಳಿದಾಗ ಆ ಉತ್ತರ ಕೊಟ್ಟಿದ್ದು ನಿನ್ನದು. ಒಂದನ್ನು ತಂದು ಇನ್ನೊಂದನ್ನು ಒರೆಸಬೇಡ. ನಾನೂ ಒರೆಸುವುದಿಲ್ಲ.

ನಿನ್ನ ಮೇಲೆ ತುಂಬಾ ಕೋಪ ಬಂದಿದೆ. ನಾಲ್ಕು ದಿನದಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡಿಲ್ಲ. ಹಾಗೆಂದು ನೀನು ನನ್ನ ತಮ್ಮನಾಗಿರುವುದು ನಿಲ್ಲುವುದಿಲ್ಲ, ಅದು ನಿನಗೂ ಗೊತ್ತು.

ಮೊದಲು ಮೆಲ್ಲಣ್ಣನ ಮನೆಗೆ ಹೋಗು. ಆಮೇಲೆ ಮ್ಯಾನೇಜರ ಹತ್ತಿರ ಹೋಗು. ಈ ಕ್ರಮ ತಪ್ಪಿಸಬೇಡ. ನಿಜವನ್ನು ನಿನ್ನ ಮಾತಿನಲ್ಲಿ ಬರೆ, ಚಿಹ್ನೆ ತಪ್ಪಿದರೂ ಇರಲಿ. ನನಗೆ ತೋರಿಸಬೇಡ, ನಾನು ಅದನ್ನು ತಿದ್ದುವುದಿಲ್ಲ.

ಆ ಎರಡು ಅಲ್ಪವಿರಾಮ ಹಾಕಿದವಳು ನಾನು ಎಂದು ಒಂದು ಕಾಗದದಲ್ಲಿ ಬರೆದು ಸಹಿ ಮಾಡಿ ಜೊತೆಗೆ ಇಟ್ಟಿದ್ದೇನೆ. ಬೇಕಾದವರಿಗೆ ತೋರಿಸು.

ಅಕ್ಕ

*

ಜೂನ್ 21

ಅಕ್ಕಾ,

ನೀನು ಹೇಳಿದ ಕ್ರಮದಲ್ಲೇ ಹೋದೆ.

ಮೆಲ್ಲಣ್ಣನ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ, ಎರಡು ಕೋಣೆ. ಬಕೆಟ್ಟಿನ ಹಿಡಿಗೆ ತಂತಿ ಸುತ್ತುತ್ತಾ ಕೂತಿದ್ದರು. "ಬಾ ಬಾ, ಕೂತ್ಕೋ" ಅಂದರು. ಅವರ ಹೆಂಡತಿ ನೀರು ತಂದುಕೊಟ್ಟರು. ಆ ನೀರು ಕುಡಿದ ಮೇಲೆ ಹೇಳಲು ಆಗುವುದಿಲ್ಲ ಎನ್ನಿಸಿ ಲೋಟ ಕೆಳಗಿಟ್ಟೆ. ನಿಂತೇ ಹೇಳಿದೆ. ರಿಪೋರ್ಟಿನ ನಕಲು ತೆಗೆದು ಮುಂದಿಟ್ಟೆ.

ಅವರು ತುಂಬಾ ಹೊತ್ತು ಹಾಳೆ ನೋಡಿದರು. "ಎಲ್ಲಿದೆ ತೋರಿಸು" ಅಂದರು. ತೋರಿಸಿದೆ. ಒಂದರ ಮೇಲೆ ಉಗುರು ಇಟ್ಟರು, ಅದು ಪೂರ್ತಿ ಮುಚ್ಚಿಹೋಯಿತು. "ಇಷ್ಟಕ್ಕೇನಾ ನಾನು ಮನೇಲಿ ಕೂತಿದ್ದು?"

ಹೌದೆಂದು ತಲೆಯಾಡಿಸಿದೆ.

"ಆವತ್ತು ನಾನು ನಿನ್ನನ್ನ ಕೇಳ್ದೆ" ಅಂದರು. "ನೀನು ಹೌದು ಅಂದೆ."

ಹಾಳೆ ಮಡಚಿ ನನ್ನ ಕೈಗೆ ಕೊಟ್ಟು ಬಕೆಟ್ಟು ಎತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ನಾನು ಮೆಟ್ಟಿಲು ಇಳಿಯುವಾಗ ಅವರ ಹೆಂಡತಿ ಮೇಲಿನಿಂದಲೇ ಹೇಳಿದರು. "ಅವರು ಕೆಲಸಕ್ಕೆ ಹೋಗೋ ಹೊತ್ತಿಗೆ ದಿನಾ ಬಟ್ಟೆ ಹಾಕ್ಕೊಂಡು ಕೂತಿರ್ತಾರಪ್ಪ."

ಮಾರನೆಯ ದಿನ ಮ್ಯಾನೇಜರ್ ಕೋಣೆಗೆ ಹೋದೆ. ಬಾಗಿಲಲ್ಲಿ ನಿಲ್ಲಲಿಲ್ಲ. ಅವರು ಓದಿ ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. "ಫೈಲ್ ಮುಚ್ಚಿ ಆಗಿದೆ. ಈಗ ಯಾಕ್ರೀ ಇದನ್ನೆಲ್ಲ ಎತ್ತುತೀರ? ನಿಮಗೇ ಕಷ್ಟ."

"ಮುಚ್ಚಿರೋದು ತಪ್ಪು ಫೈಲು ಸಾರ್" ಅಂದೆ. ಮೂರು ವಾಕ್ಯ ಬರೆದಿದ್ದೆ. ನಾನೇ ವಾಲ್ವ್ ತೆರೆದೆ, ನಾನೇ ಬಿಟ್ಟು ಹೋದೆ, ಹೆಲ್ಪರ್ ಹೇಳಿದ್ದು ನಿಜ. ಒಂದರಲ್ಲೂ ಅಲ್ಪವಿರಾಮ ಹಾಕುವ ಜಾಗವೇ ಇಟ್ಟಿರಲಿಲ್ಲ. ನಿನ್ನ ಕಾಗದ ಜೇಬಿನಲ್ಲಿತ್ತು, ತೆಗೆಯಲಿಲ್ಲ. ಕೈ ಅಲ್ಲಿಗೆ ಹೋಗಿತ್ತು, ನಿಜ. ವಾಪಸು ಕಳಿಸುತ್ತಿದ್ದೇನೆ.

ಎಂಟು ದಿನ ಮೇಲಿನವರ ಹತ್ತಿರ ಓಡಾಡಿ ತೀರ್ಮಾನ ಆಯಿತು. ಮೆಲ್ಲಣ್ಣ ಸೋಮವಾರದಿಂದ ಬಂದಿದ್ದಾರೆ, ಮನೆಯಲ್ಲಿ ಕೂತ ದಿನಗಳೂ ಕೆಲಸದ ದಿನಗಳೆಂದೇ ಲೆಕ್ಕ. ನನ್ನ ಮೇಜು ಕುರ್ಚಿ ಹೋಯಿತು. ಮತ್ತೆ ಡ್ರಮ್ಮಿನ ಹತ್ತಿರ, ಒದ್ದೆ ಬೆಡ್‌ಶೀಟು. ಕೆಲಸವೇ ಹೋಗುತ್ತದೆ ಎಂದುಕೊಂಡಿದ್ದೆ, ಹೋಗಲಿಲ್ಲ. ನನ್ನ ಹೆಂಡತಿ ಹಳೆಯ ಕೆಲಸದ ಬಟ್ಟೆಯನ್ನು ಆಗಲೇ ತೆಗೆದಿಟ್ಟಿದ್ದಳು. "ಈಗ ಊಟ ಮಾಡಿ" ಅಂದಳು.

ಇಸ್ತ್ರಿಯಮ್ಮನ ಮನೆಗೂ ಹೋಗಿದ್ದೆ. ಗಾಯ ಮಾಗಿದೆ, ಚರ್ಮ ಇನ್ನೂ ಬಿಗಿ, ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ಕೇಳಿಸಿಕೊಂಡು ಅಂದರು, "ವಾಲ್ವ್ ಯಾರು ಬಿಟ್ಟಿದ್ದು ಅಂತ ಕೇಳೋಕೆ ಎಲ್ಲರೂ ಬಂದ್ರು. ಕೈ ಹೇಗಿದೆ ಅಂತ ಕೇಳೋಕೆ ಬಂದಿದ್ದು ನೀವೇ ಮೊದಲು, ಅದೂ ಮೂರು ತಿಂಗಳ ಮೇಲೆ." ಆಮೇಲೆ ಒಂದು ಮಾತು ಸೇರಿಸಿದರು. "ಇನ್ಮೇಲೆ ನಮ್ಮ ಹತ್ತಿರ ಸಹಿ ಹಾಕಿಸೋ ಯಾವ ಕಾಗದಾನೂ ಕನ್ನಡದಲ್ಲಿ ಓದಿ ಹೇಳಿಬಿಟ್ಟೇ ಹಾಕಿಸ್ಬೇಕು ಅಂತ ಹೇಳಿ ಅವರಿಗೆ." ಷೆಡ್ಡಿನ ಮೂವತ್ತೆರಡು ಜನ ಸೇರಿ ಅದನ್ನೇ ಬರೆದುಕೊಟ್ಟಿದ್ದೇವೆ. ಮ್ಯಾನೇಜರ್ ಒಪ್ಪಿದ್ದಾರೆ.

ಮೆಲ್ಲಣ್ಣ ಕೆಲಸದ ಮಾತು ಬಿಟ್ಟು ನನ್ನ ಹತ್ತಿರ ಏನೂ ಆಡುವುದಿಲ್ಲ.

ಪಾರ್ಸೆಲ್ ವಿಭಾಗದ ವಿಷಯ ನನಗೆ ಯಾಕೆ ಹೇಳಲಿಲ್ಲ ಅಕ್ಕಾ? ನಾನು ಕೇಳಲೂ ಇಲ್ಲ ಬಿಡು. ಹಾಳೆ ಕಳಿಸುತ್ತಿದ್ದೆ, ಹೇಗಿದ್ದೀಯ ಎಂದು ಒಂದು ಸಲವೂ ಬರೆಯಲಿಲ್ಲ. ಹಳೆಯ ಪತ್ರಗಳ ನಕಲು ನನ್ನ ಹತ್ತಿರವಿಲ್ಲ, ನಿನ್ನ ಹತ್ತಿರವಿದ್ದರೆ ತೆಗೆದು ನೋಡು.

ಗುಬ್ಬಿ

*

ಜುಲೈ 2

ಪ್ರೀತಿಯ ಗುಬ್ಬಿಗೆ,

ನೋಡಿದೆ. ನಿಜ, ಬರೆದಿಲ್ಲ. ಈಗ ಬರೆದಿದ್ದೀಯಲ್ಲ.

ಹದಿನಾಲ್ಕನೇ ತಾರೀಕು ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ, ನಾಲ್ಕು ದಿನ ರಜೆ ಸಿಕ್ಕಿದೆ. ನನ್ನ ತಪ್ಪನ್ನು ಕಾಗದದಲ್ಲಿ ಬರೆದು ಕಳಿಸಿದ್ದೇ ಸರಿಯಲ್ಲ. ಎದುರಿಗೆ ಹೇಳಬೇಕು. ಮೆಲ್ಲಣ್ಣನವರನ್ನು ಮನೆಗೆ ಕರೆಯಬೇಡ, ನಾನೇ ಹೋಗುತ್ತೇನೆ. ನೀನು ಶಿಫ್ಟು ಬಿಟ್ಟು ಬಸ್ ನಿಲ್ದಾಣಕ್ಕೆ ಬರಬೇಡ. ದಾರಿ ಕೇಳಿಕೊಂಡು ಬರುತ್ತೇನೆ. ಕೇಳುವುದು ನನಗೆ ಅಭ್ಯಾಸವಾಗಬೇಕು.

ಅಕ್ಕ

*

ಜುಲೈ 25

ಅಕ್ಕಾ,

ಸುಖವಾಗಿ ತಲುಪಿದೆ ಎಂದು ತಿಳಿಯಿತು. ನೀನು ಹೋದ ಮೇಲೆ ಮನೆ ಸ್ವಲ್ಪ ದೊಡ್ಡದಾದ ಹಾಗೆ ಕಾಣುತ್ತಿದೆ. ಪಾರ್ಸೆಲ್ ವಿಭಾಗದಲ್ಲಿ ಹೇಗಿದ್ದೀಯ? ಅಲ್ಲಿ ಕಿಟಕಿ ಇದೆಯೋ ಇಲ್ಲವೋ ಬರೆ. ಜೊತೆಯಲ್ಲಿ ಊಟ ಮಾಡುವವರು ಯಾರು ಎಂದೂ ಬರೆ.

ನೀನು ಕ್ಷಮೆ ಕೇಳಿದಾಗ ಮೆಲ್ಲಣ್ಣ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ನೀವು ದೂರದಲ್ಲಿದ್ರಿ ತಾಯಿ, ನಿಮಗೆ ಕಾಣಲಿಲ್ಲ. ಇವನು ಪಕ್ಕದಲ್ಲೇ ಇದ್ದ." ಆಮೇಲೆ ನೀನು ಮೂರು ದಿನವೂ ಅವರ ಮನೆಗೆ ಹೋಗಿ, ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದು, ಚುಕ್ಕಿ ಯಾವುದು, ಕೊಕ್ಕೆ ಯಾವುದು ಎಂದು ಹೇಳಿಕೊಟ್ಟೆಯಂತೆ. ಅವರ ಹೆಂಡತಿ ಹೇಳಿದರು.

ನಿನ್ನೆ ಹೊಸ ನಿಯಮದ ಮೊದಲ ಕಾಗದ ಬಂತು. ಡ್ರಮ್ಮುಗಳ ತಪಾಸಣೆಯ ವರದಿ. ಗುಮಾಸ್ತ ಎಲ್ಲರನ್ನೂ ನಿಲ್ಲಿಸಿ ಕನ್ನಡದಲ್ಲಿ ಓದಿ ಹೇಳಿದ. ಇಸ್ತ್ರಿಯಮ್ಮ "ಇನ್ನೊಂದು ಸಲ" ಅಂದರು. ಇನ್ನೊಂದು ಸಲ ಓದಿದ. ನಾಲ್ಕನೇ ಡ್ರಮ್ಮಿಗೆ ನಾವಿಬ್ಬರು ಸಹಿ ಹಾಕಬೇಕಿತ್ತು, ಮೊದಲು ಮೆಲ್ಲಣ್ಣ, ಆಮೇಲೆ ನಾನು.

ಅವರು ಒಂದೊಂದೇ ಅಕ್ಷರ ಕೂಡಿಸಿಕೊಂಡು ಇಂಗ್ಲಿಷಿನಲ್ಲಿ ಹೆಸರು ಬರೆದರು. ಕೊನೆಗೆ ಪೆನ್ನನ್ನು ಒತ್ತಿ ಹಿಡಿದು ಒಂದು ಚುಕ್ಕಿ ಇಟ್ಟರು. ಕೆಳಗಿನ ಹಾಳೆಗೂ ಇಳಿದಿರಬೇಕು, ಅಷ್ಟು ಒತ್ತಿದರು.

"ಹೆಸರಿನ ಮುಂದೆ ಚುಕ್ಕಿ ಬೇಡ ಮೆಲ್ಲಣ್ಣ" ಅಂದೆ. ಕೆಲಸದ್ದಲ್ಲದ ಮಾತು ಆಡಿ ಎಷ್ಟೋ ದಿನವಾಗಿತ್ತು.

ಅವರು ನನ್ನ ಕಡೆ ನೋಡಿದರು. "ಬೇಕು" ಅಂದರು. "ನಾನು ಹೇಳಿದ್ದು ಇಲ್ಲಿಗೆ ಮುಗೀತು. ಇದರ ಮುಂದೆ ಇನ್ಯಾರೂ ಏನೂ ಸೇರಿಸಬಾರದು."

ಪೆನ್ನನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತರು. ನಾನು ಹೆಸರು ಬರೆದೆ. ವ್ಯಾಕರಣದ ಪ್ರಕಾರ ತಪ್ಪು ಎಂದು ಗೊತ್ತಿದ್ದೂ ನಾನೂ ಒಂದು ಚುಕ್ಕಿ ಇಟ್ಟೆ. ಅವರು ಬಗ್ಗಿ ನೋಡಿದರು.

"ಇನ್ನೂ ಸ್ವಲ್ಪ ಒತ್ತು" ಅಂದರು.

ನಿನ್ನ
ಗುಬ್ಬಿ